ಬಡಿಸುವ ಕೈಯೂ ಉಣ್ಣಲಿ

(ಬಾನುಲಿ ಭಾಷಣ)

‘ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕುಳಿತರೇನು?’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಲೋಕಾನುಭವದಿಂದ ಹುಟ್ಟಿದ ಮಾತು ಅದು. ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರಿಗೂ ಅದರ ಅರ್ಥ ಚೆನ್ನಾಗಿ ಗೊತ್ತು. ಪಂಕ್ತಿಯ ಮೊದಲಲ್ಲಿ ಕುಳಿತವನು, ಕೊನೆಯಲ್ಲಿ ಕುಳಿತವನು, ಇಬ್ಬರೂ ಆ ಗಾದೆಯ ಗಮನದಲ್ಲಿದ್ದಾರೆ. ಆದರೆ ಅದು ಒಂದು ಪ್ರಶ್ನೆಯನ್ನು ಕೇಳುವುದಿಲ್ಲ: ಬಡಿಸುವವನು ಎಲ್ಲಿ ಕುಳಿತ? ಅವನು, ಅಥವಾ ಬಹುಮಟ್ಟಿಗೆ ಅವಳು, ಉಂಡದ್ದು ಯಾವಾಗ? ಮನೆಗೆ ಬಂದವರೊಡನೆ ನಿರಾಳವಾಗಿ ಕುಳಿತು ಉಣ್ಣುವುದನ್ನು ಕುರಿತು ನಾಲ್ಕು ಮಾತು ಹೇಳಹೊರಟಿರುವ ನನಗೆ, ಗಾದೆ ಕೇಳದೆ ಬಿಟ್ಟ ಈ ಪ್ರಶ್ನೆಯೇ ಮುಖ್ಯವಾಗಿ ತೋರುತ್ತದೆ.

ಮೊದಲು ಪದಗಳಿಂದಲೇ ಹೊರಡೋಣ. ಕನ್ನಡದ ಮೇಷ್ಟ್ರಿಗೆ ಅದು ಬಿಡದ ಅಭ್ಯಾಸ. ‘ಅತಿಥಿ’ ಎಂದರೆ ತಿಥಿ ಗೊತ್ತುಮಾಡದೆ ಬರುವವನು ಎಂಬುದು ಸಾಂಪ್ರದಾಯಿಕ ವ್ಯಾಖ್ಯಾನ. ನಮ್ಮ ಹಳಗನ್ನಡದಲ್ಲಿ ‘ಬಿರ್ದು’ ಎಂದರೆ ಔತಣ; ‘ಬಿದ್ದಿನ’ ಎಂದರೆ ಅತಿಥಿ. ತಮಿಳಿನ ‘ವಿರುಂದು’ ಎಂಬ ಪದ ಇವುಗಳ ಒಡಹುಟ್ಟು. ಅಲ್ಲಿ ಆ ಒಂದೇ ಪದಕ್ಕೆ ಔತಣ, ಅತಿಥಿ, ಹೊಸತನ ಎಂಬ ಮೂರು ಅರ್ಥಗಳೂ ಉಂಟು. ಬಂದ ಮನುಷ್ಯನೇ ಹಬ್ಬ, ಅವನು ತರುವ ಹೊಸತನವೇ ಊಟದ ರುಚಿ ಎಂದು ದ್ರಾವಿಡ ನುಡಿಗಳು ಎಂದೋ ಕಂಡುಕೊಂಡಿದ್ದವು. ಇನ್ನು ಸಂಸ್ಕೃತದ ಕಡೆ ನೋಡಿದರೆ, ಯಜುರ್ವೇದದ ಚಮಕದಲ್ಲಿ ಭಕ್ತನು ತನಗೆ ಬೇಕಾದುದನ್ನೆಲ್ಲ ಒಂದೊಂದಾಗಿ ಹೆಸರಿಸಿ ಬೇಡುತ್ತಾನೆ. ಹಾಲು, ತುಪ್ಪ, ಜೇನುಗಳನ್ನು ಬೇಡಿದ ಬೆನ್ನಿಗೇ ‘ಸಗ್ಧಿ’, ‘ಸಪೀತಿ’ ಎಂಬ ಎರಡು ಪದಗಳು ಬರುತ್ತವೆ. ಸಗ್ಧಿ ಎಂದರೆ ಕೂಡಿ ಉಣ್ಣುವುದು. ಸಪೀತಿ ಎಂದರೆ ಕೂಡಿ ಕುಡಿಯುವುದು. ತುಪ್ಪ ಜೇನುಗಳು ದೊರೆತರೂ ಅವನ್ನು ಹಂಚಿಕೊಳ್ಳುವವರು ದೊರೆಯದಿರಬಹುದು. ಆದ್ದರಿಂದ ಅದನ್ನೂ ಬೇರೆಯಾಗಿಯೇ ಬೇಡಬೇಕು ಎಂಬ ಎಚ್ಚರ ಆ ಋಷಿಗಳಿಗಿತ್ತು. ಉಣಿಸುವುದು ಒಂದು, ಕೂಡಿ ಉಣ್ಣುವುದು ಮತ್ತೊಂದು. ಮೊದಲನೆಯದರಲ್ಲಿ ನಾವು ಪ್ರವೀಣರು. ಎರಡನೆಯದರ ಅಭ್ಯಾಸ ನಮಗೆ ಸಾಲದು.

ಪಂಕ್ತಿಯ ವ್ಯವಸ್ಥೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ಅದರಲ್ಲಿ ಬಹುಕಾಲದ ವಿವೇಕವಿದೆ. ಬಾಳೆ ಎಲೆಯ ತುದಿ ಉಣ್ಣುವವನ ಎಡಕ್ಕೆ, ಅಗಲವಾದ ಭಾಗ ಬಲಕ್ಕೆ ಬರಬೇಕು. ಕಲಸಿ ಉಣ್ಣುವುದು ಬಲಗೈ, ಅದಕ್ಕೆ ಜಾಗ ಹೆಚ್ಚು ಬೇಕು. ಉಪ್ಪು, ಉಪ್ಪಿನಕಾಯಿ, ಚಟ್ನಿಗಳಂಥ ನಂಜಿಕೊಳ್ಳುವ ಪದಾರ್ಥಗಳು ಎಡಗಡೆ, ಕೋಸಂಬರಿ ಪಲ್ಯಗಳು ಮೇಲುಸಾಲಿನಲ್ಲಿ, ಅನ್ನ ನಡುವೆ. ತೊವ್ವೆ ತುಪ್ಪ ಬಿದ್ದ ಮೇಲೆ ಎಲ್ಲರೂ ಒಟ್ಟಿಗೆ ಕೈಯಿಡಬೇಕು. ಕಡೆಯವನ ಮಜ್ಜಿಗೆಯನ್ನ ಮುಗಿಯುವ ತನಕ ಮೊದಲಿನವನು ಏಳಬಾರದು. ಸಂಕೋಚದ ಸ್ವಭಾವದವನು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಅವನ ಎಲೆ ಬರಿದಾದದ್ದನ್ನು ಬಡಿಸುವವರ ಕಣ್ಣು ತಾನಾಗಿ ಕಾಣುತ್ತದೆ.

ಆದರೆ ಇದೇ ವ್ಯವಸ್ಥೆಯ ತಳದಲ್ಲಿ ಎಂಜಲಿನ ನಿಯಮವಿದೆ. ಬಾಯಿಗೆ ಹೋದ ಕೈ ಎಂಜಲು. ಅದರಿಂದ ಸೌಟು ಮುಟ್ಟುವಂತಿಲ್ಲ. ಎಡಗೈ ಎಂಜಲಲ್ಲ, ನಿಜ. ಆದರೆ ಎಡಗೈಯಲ್ಲಿ ಬಡಿಸುವುದು ಅಗೌರವ. ಈ ಎರಡು ನಿಯಮಗಳನ್ನು ಕೂಡಿಸಿ ನೋಡಿ: ಬಡಿಸಬೇಕಾದವರು ಉಣ್ಣುವಂತಿಲ್ಲ, ಉಣ್ಣತೊಡಗಿದವರು ಬಡಿಸುವಂತಿಲ್ಲ. ಪಂಕ್ತಿಯಲ್ಲಿ ಕುಳಿತವರು, ಪಂಕ್ತಿಯ ಮುಂದೆ ಬೆನ್ನು ಬಾಗಿಸಿ ನಡೆಯುವವರು ಎಂದು ಮನೆ ಎರಡು ಭಾಗವಾಗುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೂ ಗೆರೆ ಬಿದ್ದುಹೋಗುತ್ತದೆ. ಮದುವೆಯ ಮನೆಯಲ್ಲಿ ಬಡಿಸಿದವರೆಲ್ಲ ಕೂಡಿ ನಗುತ್ತ ಉಣ್ಣುವ ಕಡೆಯ ಪಂಕ್ತಿಯೊಂದು ಇರುತ್ತದೆ. ನಾಲ್ಕೇ ಜನರಿರುವ ಮನೆಯಲ್ಲಿ ಆ ಕಡೆಯ ಪಂಕ್ತಿ ಎಂದರೆ ಅಡುಗೆಮನೆಯ ಮೂಲೆಯಲ್ಲಿ, ಆರಿದ ಹುಳಿಯ ಪಾತ್ರೆಯ ಮುಂದೆ, ಒಬ್ಬಳೇ ಕುಳಿತ ಗೃಹಿಣಿ.

ನಮ್ಮ ಪಟ್ಟಣದ ಮನೆಗಳಿಗೆ ಊಟದ ಮೇಜು ಬಂದಾಗ ಹಿರಿಯರು ಅದನ್ನು ಪರಂಗಿಯವರ ಅಭ್ಯಾಸವೆಂದು ಹಳಿದರು. ಕಿರಿಯರು ಪ್ರತಿಷ್ಠೆಯ ವಸ್ತುವೆಂದು ಮೆಚ್ಚಿದರು. ಇಬ್ಬರೂ ಕುರ್ಚಿಯನ್ನು ನೋಡಿದರೇ ಹೊರತು ಮೇಜಿನ ನಡುವನ್ನು ನೋಡಲಿಲ್ಲ. ನಿಜವಾದ ಬದಲಾವಣೆ ಆದದ್ದು ಅಲ್ಲಿ. ಅನ್ನ, ಹುಳಿ, ಪಲ್ಯದ ಪಾತ್ರೆಗಳು ಒಲೆಯ ಮಗ್ಗುಲನ್ನು ಬಿಟ್ಟು ಉಣ್ಣುವವರ ನಡುವೆ ಬಂದು ಕುಳಿತವು. ಬಲಗೈಯಲ್ಲಿ ಉಣ್ಣುತ್ತಿರುವಾಗಲೇ ಎಡಗೈಯಲ್ಲಿ ಚಮಚ ಹಿಡಿದು ಬಡಿಸಿಕೊಳ್ಳುವುದು, ಪಕ್ಕದವರಿಗೆ ಬಡಿಸುವುದು ತಪ್ಪಲ್ಲವೆಂದಾಯಿತು. ಎಡಗೈಗೆ ಬಿಡುಗಡೆಯಾಯಿತು. ಇದು ಕಣ್ಣಿಗೆ ಬೀಳದ ಸಣ್ಣ ಸಂಗತಿ. ಆದರೆ ಬಡಿಸುವ ಕೈಯೂ ಉಣ್ಣುವ ಕೈಯೂ ಒಬ್ಬರದೇ ಆಗುವುದು ಈ ಸಣ್ಣ ಸಂಗತಿಯಿಂದ ಸಾಧ್ಯವಾಯಿತು. ಮನೆಯೊಡತಿ ಅತಿಥಿಯ ಜೊತೆಯಲ್ಲೇ ಕುಳಿತುಕೊಳ್ಳಲು ಆಚಾರದ ಅಡ್ಡಿ ಉಳಿಯಲಿಲ್ಲ.

ಉಳಿಯಲಿಲ್ಲವೆಂದ ಮಾತ್ರಕ್ಕೆ ಅವಳು ಕುಳಿತಳೆ? ಎಷ್ಟೋ ಮನೆಗಳಲ್ಲಿ ಕುಳಿತಿಲ್ಲ. ಮೊದಲು ಬಾಗಿ ಬಡಿಸುತ್ತಿದ್ದವಳು ಈಗ ಮೇಜಿನ ಪಕ್ಕದಲ್ಲಿ ನಿಂತು ಬಡಿಸುತ್ತಾಳೆ. ಆರು ಕುರ್ಚಿಗಳಿದ್ದು ಐವರು ಉಣ್ಣುತ್ತಿದ್ದರೂ ಆರನೆಯ ಕುರ್ಚಿ ಖಾಲಿಯೇ ಇರುತ್ತದೆ. ಕಾರಣ ಆಚಾರವಲ್ಲ, ಕಾವಲಿ. ನೆಂಟರು ಬಂದರೆಂದು ದೋಸೆಗೆ ಹೊರಟರೆ, ಒಂದು ದೋಸೆ ಹುಯ್ದು, ಮಗುಚಿ, ತಟ್ಟೆಗೆ ತಲುಪಿಸುವಷ್ಟರಲ್ಲಿ ಮೊದಲಿನವರ ತಟ್ಟೆ ಖಾಲಿಯಾಗಿರುತ್ತದೆ. ಪೂರಿಯೂ ಹಾಗೆಯೇ, ಬೋಂಡವೂ ಹಾಗೆಯೇ, ಕಾವಲಿಯಿಂದ ನೇರವಾಗಿ ತಟ್ಟೆಗೆ ಬರಬೇಕಾದ ಅಕ್ಕಿರೊಟ್ಟಿಯೂ ಹಾಗೆಯೇ. ರುಚಿಯಲ್ಲಿ ಇವಕ್ಕೆ ಎಣೆಯಿಲ್ಲ. ಆದರೆ ಪ್ರತಿಯೊಂದೂ ಒಬ್ಬರನ್ನು ಒಲೆಗೆ ಕಟ್ಟಿಹಾಕುತ್ತದೆ. ಇಡ್ಲಿ ಹಾಗಲ್ಲ, ಒಂದೇ ಸಲಕ್ಕೆ ಒಂದು ಪಾತ್ರೆ ಬೆಂದು ಇಳಿಯುತ್ತದೆ, ಮುಚ್ಚಿಟ್ಟರೆ ಬಿಸಿ ಉಳಿಯುತ್ತದೆ. ಕಡುಬು, ಬಿಸಿಬೇಳೆಭಾತು, ಪುಳಿಯೋಗರೆ, ಮೊಸರನ್ನ ಇವೆಲ್ಲ ಮಾಡಿದವರನ್ನೂ ಕುಳ್ಳಿರಿಸುವ ಅಡುಗೆಗಳು.

ಈ ಮಾತನ್ನು ನನಗೆ ಸ್ಪಷ್ಟಪಡಿಸಿದವರು ನನ್ನ ಶ್ರೀಮತಿ. ನಾನು ಜಿಲ್ಲೆಯ ಊರುಗಳಲ್ಲಿ ಅಧ್ಯಾಪಕನಾಗಿದ್ದಾಗ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳು ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಿದ್ದರು. ಹಾಗೊಂದು ದಿನ ಯಾವ ತಿಂಡಿ ಮಾಡಬಹುದೆಂಬ ಮಾತು ಬಂದಾಗ, ದೋಸೆಯನ್ನು ಆಕೆ ಒಪ್ಪಲಿಲ್ಲ. ‘ಹುಡುಗರು ಮಾತಾಡೋಕೆ ಬರ್ತಾರೋ, ನನ್ನ ಬೆನ್ನು ನೋಡೋಕೆ ಬರ್ತಾರೋ?’ ಎಂದರು. ಅಂದಿನಿಂದ ನಮ್ಮ ಮನೆಯ ಕ್ರಮ ಒಂದೇ: ಅನ್ನ, ಒಂದು ಹುಳಿ, ಒಂದು ಪಲ್ಯ, ಮೊಸರು, ಹಪ್ಪಳ. ಹುಡುಗರು ಬರುವ ಹೊತ್ತಿಗೆ ಒಲೆ ಆರಿರುತ್ತಿತ್ತು. ತಟ್ಟೆ ಹಾಕುವುದು ನನ್ನ ಕೆಲಸ, ನೀರು ಇಡುವುದು ಬಂದವರ ಕೆಲಸ. ‘ಅಮ್ಮಾ, ನೀವೂ ಕೂತ್ಕೊಳ್ಳಿ’ ಎಂದು ಹುಡುಗರು ಹೇಳಬೇಕಾಗಿರಲಿಲ್ಲ. ಆಕೆ ಮೊದಲೇ ಕುಳಿತಿರುತ್ತಿದ್ದರು. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗರು ಆಕೆಯೆದುರು ತಮ್ಮ ಊರಿನ ಮಳೆ, ಬೆಳೆ, ಸಾಲ, ತಂಗಿಯ ಮದುವೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು.

ಇದೇನೂ ಹೊಸ ಆವಿಷ್ಕಾರವಲ್ಲ. ಉತ್ತರ ಕರ್ನಾಟಕದ ರೈತಾಪಿ ಜನ ಇದನ್ನು ಎಷ್ಟೋ ತಲೆಮಾರುಗಳಿಂದ ಬಲ್ಲರು. ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿ, ಬಂಧುಗಳನ್ನೂ ನೆರೆಯವರನ್ನೂ ಕರೆದುಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಯನ್ನು ಪೂಜಿಸಿ ಚರಗ ಚೆಲ್ಲಿ, ಮರದ ನೆರಳಿನಲ್ಲಿ ಎಲ್ಲರೂ ಸುತ್ತ ಕುಳಿತು ಉಣ್ಣುತ್ತಾರೆ. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಕಾಳುಪಲ್ಯ, ಚಟ್ನಿಪುಡಿ, ಮೊಸರುಬುತ್ತಿ: ಒಂದೊಂದನ್ನೂ ನೋಡಿ, ಎಲ್ಲವೂ ಮೊದಲೇ ಮಾಡಿಟ್ಟು ಒಯ್ಯಬಹುದಾದದ್ದು. ಹೊಲದಲ್ಲಿ ಒಲೆಯಿಲ್ಲ; ಆದ್ದರಿಂದ ಒಲೆಯ ಮುಂದೆ ಉಳಿಯುವವರೂ ಇಲ್ಲ. ಬೆಳದಿಂಗಳೂಟದ ಗುಟ್ಟೂ ಇದೇ. ಅಂಗಳದಲ್ಲಿ ಅಜ್ಜಿಯೋ ತಾಯಿಯೋ ಕಲಸಿದ ಅನ್ನದ ಪಾತ್ರೆಯನ್ನು ನಡುವೆ ಇಟ್ಟುಕೊಂಡು, ಸುತ್ತ ಚಾಚಿದ ಅಂಗೈಗಳಿಗೆಲ್ಲ ಕೈತುತ್ತು ಹಾಕುವಾಗ, ಯಾವ ಮಗುವೂ ಮೊದಲಲ್ಲ, ಯಾವ ಮಗುವೂ ಕೊನೆಯಲ್ಲ. ಮೇಜು ಹೊಸದಿರಬಹುದು, ಪಾತ್ರೆಯನ್ನು ನಡುವೆ ಇಟ್ಟು ಸುತ್ತ ಕೂರುವುದು ನಮಗೆ ಹೊಸದಲ್ಲ.

ಇನ್ನು ಆಡಂಬರದ ಮಾತು. ಕನ್ನಡ ನಾಡಿನಲ್ಲಿ ಅಡುಗೆಯನ್ನು ಶಾಸ್ತ್ರವಾಗಿ ಬರೆದಿಟ್ಟ ಪರಂಪರೆ ಉದ್ದವಾದದ್ದು. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ವಿಚಾರವಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಪ್ರಕರಣವೇ ಉಂಟು. 16ನೆಯ ಶತಮಾನದ ಮೂರನೆಯ ಮಂಗರಸ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ. ಓದಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ದೊರೆಯ ಅರಮನೆಯಲ್ಲಿ ಒಲೆಗೆ ಹತ್ತು ಕೈ, ಬಡಿಸುವುದಕ್ಕೆ ಮತ್ತೆ ಹತ್ತು ಕೈ. ಎರಡೇ ಕೈಗಳಿರುವ ಮನೆ ಇಪ್ಪತ್ತು ಕೈಗಳ ಔತಣಕ್ಕೆ ಹೊರಟಾಗ ತೊಂದರೆ ಶುರುವಾಗುತ್ತದೆ. ಅತಿಥಿ ಬರುವ ಹೊತ್ತಿಗೆ ಮನೆಯವರೆಲ್ಲ ದಣಿದಿರುತ್ತಾರೆ. ದಣಿದವರ ನಗುವನ್ನು ಅತಿಥಿಯು ಗುರುತಿಸದೆ ಇರುವುದಿಲ್ಲ. ಅವನಿಗೂ ಒಂದು ಋಣದ ಭಾರ ಕಾಡುತ್ತದೆ: ನಾಳೆ ಇವರು ನಮ್ಮ ಮನೆಗೆ ಬಂದರೆ ನಾವೂ ಹನ್ನೆರಡು ಬಗೆ ಮಾಡಬೇಕಲ್ಲ! ಹೀಗೆ ಒಂದು ದೊಡ್ಡ ಔತಣ ಹತ್ತು ಸಣ್ಣ ಭೇಟಿಗಳನ್ನು ನುಂಗಿಹಾಕುತ್ತದೆ.

ಮಹಾಭಾರತದ ಉದ್ಯೋಗಪರ್ವದಲ್ಲಿ ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದ ಕೃಷ್ಣ ದುರ್ಯೋಧನನ ಊಟದ ಆಹ್ವಾನವನ್ನು ಒಪ್ಪಲಿಲ್ಲ. ವಿದುರನ ಮನೆಯಲ್ಲಿ ಉಂಡ. ಪರರ ಮನೆಯಲ್ಲಿ ಉಣ್ಣಲು ಎರಡೇ ಕಾರಣ, ಪ್ರೀತಿ ಅಥವಾ ಆಪತ್ತು. ನಿನ್ನಲ್ಲಿ ಪ್ರೀತಿಯಿಲ್ಲ, ನನಗೆ ಆಪತ್ತು ಬಂದಿಲ್ಲ ಎಂಬುದು ಅವನು ದುರ್ಯೋಧನನಿಗೆ ಹೇಳಿದ ಮಾತಿನ ತಾತ್ಪರ್ಯ. ಅರಮನೆಯ ಅಡುಗೆ ಚೆನ್ನಾಗಿರಲಿಲ್ಲವೆಂದು ಯಾರೂ ಹೇಳಿಲ್ಲ. ಊಟದಲ್ಲಿ ಲೆಕ್ಕಕ್ಕೆ ಬರುವುದು ಬೇರೆಯದೇ ಎಂದಷ್ಟೆ ಆ ಕಥೆ ಹೇಳುತ್ತದೆ.

ಇಲ್ಲಿ ಆಕ್ಷೇಪಕ್ಕೆ ಅವಕಾಶವಿದೆ. ಬಡಿಸುವುದರಲ್ಲಿಯೂ ಒಂದು ಸುಖವಿಲ್ಲವೆ? ‘ನೀವು ಉಂಡರೆ ನನ್ನ ಹೊಟ್ಟೆ ತುಂಬಿದ ಹಾಗೆ’ ಎನ್ನುವ ತಾಯಂದಿರ ಮಾತು ಬರಿಯ ಮಾತೆ? ಖಂಡಿತ ಅಲ್ಲ. ಆ ಸುಖ ನಿಜವಾದದ್ದು. ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಸುಖ ಸರದಿಯ ಮೇಲೆ ಎಲ್ಲರಿಗೂ ಸಿಗಲಿ ಎಂಬುದು ನನ್ನ ಬಿನ್ನಹ. ಎರಡನೆಯ ಸಲದ ಅನ್ನವನ್ನು ಯಜಮಾನ ತರಲಿ, ಮಜ್ಜಿಗೆಯನ್ನು ಮಗ ತರಲಿ, ತಟ್ಟೆಗಳನ್ನು ಎತ್ತುವಾಗ ಅತಿಥಿಯೂ ಏಳಲಿ. ಇನ್ನೊಂದು ಎಚ್ಚರವನ್ನೂ ಹೇಳಬೇಕು. ಮೇಜು ಧಾರಾಳಿಗನಿಗೆ ಅನುಕೂಲ, ಸಂಕೋಚದವನಿಗೆ ಕಷ್ಟ. ‘ಬೇಕಾದ್ದು ಹಾಕಿಕೊಳ್ಳಿ’ ಎಂದುಬಿಟ್ಟರೆ ಹಳ್ಳಿಯಿಂದ ಬಂದ ನಾಚಿಕೆಯ ಹುಡುಗ ಅರೆಹೊಟ್ಟೆಯಲ್ಲಿ ಏಳುತ್ತಾನೆ. ಪಂಕ್ತಿಯಲ್ಲಿ ಬಡಿಸುವವರಿಗಿದ್ದ ಕಣ್ಣು ಮೇಜಿನಲ್ಲಿ ಕುಳಿತವರಿಗೂ ಬೇಕು. ಪಾತ್ರೆಯನ್ನು ಅವನ ಕೈಗೆಟಕುವಂತೆ ಸರಿಸಬೇಕು. ಆದರೆ ತಟ್ಟೆಯ ಮೇಲೆ ಎರಡು ಕೈ ಅಡ್ಡಹಿಡಿದವನಿಗೆ ಬೆರಳ ಸಂದಿನಿಂದ ಪಾಯಸ ಸುರಿಯುವ ಉಪಚಾರವನ್ನು ಮಾತ್ರ ಪಂಕ್ತಿಯಲ್ಲಿಯೇ ಬಿಟ್ಟುಬಿಡುವುದು ಒಳ್ಳೆಯದು.

ಇದು ಬರಿಯ ಸೌಜನ್ಯದ ವಿಚಾರವಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಕೊನೆಯಲ್ಲಿ ಉಣ್ಣುವವರು ಉಳಿದದ್ದನ್ನು ಉಣ್ಣುತ್ತಾರೆ. ಅನ್ನ ಉಳಿದೀತು, ಪಲ್ಯ, ಬೇಳೆ, ಹಾಲು, ಮೊಟ್ಟೆ ಉಳಿಯುವುದು ಕಡಿಮೆ. ತುಂಬಿದ ಮನೆಯಲ್ಲಿ ಇದು ಒಂದು ಹೊತ್ತಿನ ಅನಾನುಕೂಲ. ಬಡವರ ಮನೆಯಲ್ಲಿ ಇದು ರಕ್ತಹೀನತೆಗೆ ದಾರಿ. ಕರ್ನಾಟಕ ಸರ್ಕಾರ 2017ರಲ್ಲಿ ‘ಮಾತೃಪೂರ್ಣ’ ಎಂಬ ಯೋಜನೆಯನ್ನು ರಾಜ್ಯದಾದ್ಯಂತ ಆರಂಭಿಸಿತು. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಅಲ್ಲಿಯೇ ಒಂದು ಹೊತ್ತು ಪೂರ್ಣ ಬಿಸಿಯೂಟ ಮಾಡಬೇಕೆಂಬುದು ಅದರ ಕ್ರಮ. ಮನೆಗೆ ಕೊಟ್ಟು ಕಳಿಸಿದ ಧಾನ್ಯ ಮನೆಯವರೆಲ್ಲರಿಗೂ ಹಂಚಿಹೋಗುತ್ತದೆ. ಅವಳಿಗೆ ತಲುಪಬೇಕಾದರೆ ಅವಳು ಕುಳಿತು ಉಣ್ಣಬೇಕು. ಗರ್ಭಿಣಿಯೊಬ್ಬಳನ್ನು ಕುಳ್ಳಿರಿಸಿ ಉಣಿಸಲು ಒಂದು ರಾಜ್ಯ ಯೋಜನೆ ಹಾಕಬೇಕಾಯಿತೆಂದರೆ, ಮನೆಯ ಊಟದ ಕ್ರಮ ಎಂಥ ಗುರುತರ ವಿಷಯವೆಂಬುದನ್ನು ಊಹಿಸಿಕೊಳ್ಳಬಹುದು.

ಮನೆಯೊಡತಿಯ ಕುರ್ಚಿಯ ಮಾತು ಹೇಳಿದ ಮೇಲೆ, ಕುರ್ಚಿಯೇ ಇಲ್ಲದವರ ಮಾತನ್ನೂ ಹೇಳಬೇಕು. ಪಂಕ್ತಿ ಎಂಬ ಪದದ ಬೆನ್ನಿಗೇ ಪಂಕ್ತಿಭೇದವೆಂಬ ಪದವೂ ನಮ್ಮಲ್ಲಿ ಬಂದಿದೆ. ಯಾರ ಜೊತೆ ಯಾರು ಉಣ್ಣಬಹುದೆಂಬುದೇ ಜಾತಿಯ ಗಡಿಕಲ್ಲಾಗಿತ್ತು. ಹಿಂದಿನ ಕಾಲದ ಎಷ್ಟೋ ಹೋಟೆಲುಗಳಲ್ಲಿಯೂ ಬ್ರಾಹ್ಮಣರಿಗೆ ಬೇರೆ ಜಾಗವಿತ್ತು. ಕ್ರಮೇಣ ಆ ಗೋಡೆಗಳು ಬಿದ್ದು, ಅಪರಿಚಿತರು ಒಂದೇ ಮೇಜಿನಲ್ಲಿ ಕುಳಿತು ಕಾಫಿ ಕುಡಿಯುವುದು ರೂಢಿಯಾಯಿತು. ನೆರೆಯ ಕೇರಳದ ಚೆರಾಯಿಯಲ್ಲಿ 1917ರಲ್ಲಿ ‘ಸಹೋದರನ್’ ಅಯ್ಯಪ್ಪನ್ ಅವರು ಈಳವರನ್ನೂ ಪುಲಯರನ್ನೂ ಕೂಡಿಸಿ ಮಿಶ್ರಭೋಜನ ನಡೆಸಿದಾಗ ಅವರ ಸ್ವಂತ ಸಮುದಾಯದವರೇ ಸಿಟ್ಟಾದರು. ‘ಪುಲಯ ಅಯ್ಯಪ್ಪನ್’ ಎಂದು ಹೀಯಾಳಿಸಿದರು. ಅದನ್ನು ಅವರು ಬಿರುದೆಂದು ಸ್ವೀಕರಿಸಿದರು. ಸಹಭೋಜನದಿಂದಲೇ ಜಾತಿ ಅಳಿಯದೆಂದು ಡಾ. ಅಂಬೇಡ್ಕರ್ ಅವರು 1936ರ ತಮ್ಮ ‘ಜಾತಿವಿನಾಶ’ದಲ್ಲಿ ಎಚ್ಚರಿಸಿದ್ದಾರೆ. ಅವರ ಮಾತು ಸರಿ. ಒಂದು ದಿನ ಕೂಡಿ ಉಂಡು ಮರುದಿನ ಮರೆಯುವುದು ಸುಲಭ. ಆದರೆ ಕೂಡಿ ಉಣ್ಣುವುದಕ್ಕೂ ಸಿದ್ಧರಿಲ್ಲದವರು ಅದಕ್ಕಿಂತ ಮುಂದಿನ ಹೆಜ್ಜೆಯನ್ನು ಇಡುವುದು ಹೇಗೆ?

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಆದರೂ ಮನೆಗೆಲಸಕ್ಕೆ ಬರುವ ಹೆಂಗಸಿಗೆಂದು ಬೇರೆ ಲೋಟವನ್ನು ಕಿಟಕಿಯ ಮೇಲೆ ಕವುಚಿಡುವ ಮನೆಗಳು ನಮ್ಮ ನಗರಗಳಲ್ಲಿ ಇನ್ನೂ ಉಂಟು. ಆ ಮನೆಯ ಮೇಜಿನ ಪಾತ್ರೆಗಳನ್ನೆಲ್ಲ ತೊಳೆದವಳು ಅವಳೇ. ಆ ಪಾತ್ರೆಯಲ್ಲಿ ಉಣ್ಣಬಾರದವಳೂ ಅವಳೇ. ಅತಿಥಿಯನ್ನು ಕರೆತಂದ ಕಾರಿನ ಚಾಲಕ ಕೆಳಗೆ ಹಸಿದು ಕಾಯುತ್ತಿರುವಾಗ ಮೇಲೆ ನಡೆಯುವ ಔತಣಕ್ಕೆ ಸತ್ಕಾರವೆಂಬ ಹೆಸರು ಒಪ್ಪುವುದಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಜಾತಿಮತಗಳನ್ನು ಎಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟರು. ದಾಸೋಹವೆಂದರೆ ಕೊಡುವವನು ತಾನು ಮೇಲೆಂದು ತಿಳಿಯದೆ ಕೊಡುವುದು. ಅಂಥ ದೊಡ್ಡ ಕೆಲಸ ನಮ್ಮಂಥವರ ಅಳವಲ್ಲ. ಮನೆಯ ಮೇಜಿಗೆ ಇನ್ನೊಂದು ತಟ್ಟೆ ಹಾಕುವುದು ನಮ್ಮ ಅಳವಿನಲ್ಲಿದೆ.

ನನ್ನ ಗುರುಗಳೊಬ್ಬರು ವಾರಾನ್ನದಲ್ಲಿ ಓದಿದವರು. ವಾರದ ಏಳು ದಿನಕ್ಕೆ ಏಳು ಮನೆ. ಉಣಿಸಿದ ಎಲ್ಲರನ್ನೂ ಅವರು ಕೃತಜ್ಞತೆಯಿಂದ ನೆನೆಯುತ್ತಿದ್ದರು. ಆದರೆ ಆರು ಮನೆಗಳಲ್ಲಿ ಏನು ಉಂಡೆನೆಂಬುದು ಅವರಿಗೆ ಮರೆತುಹೋಗಿತ್ತು. ಗುರುವಾರದ ಮನೆಯದು ಮಾತ್ರ ನೆನಪಿತ್ತು. ಅದು ಉಳಿದವರಿಗಿಂತ ಬಡವರ ಮನೆ. ಅಲ್ಲಿಯ ವಿಧವೆ ತಾಯಿ ಹುಡುಗನಿಗೆ ಬಡಿಸಿ, ಸಾರಿನ ಪಾತ್ರೆಯನ್ನು ಇಬ್ಬರ ನಡುವೆ ಇಟ್ಟು, ತಾನೂ ತಟ್ಟೆ ಹಾಕಿಕೊಂಡು ಎದುರಿಗೆ ಕುಳಿತು, ‘ಇವತ್ತು ಏನು ಪಾಠ ಆಯ್ತಪ್ಪ?’ ಎಂದು ಕೇಳುತ್ತಿದ್ದಳಂತೆ. ‘ಆರು ಮನೆಗಳಲ್ಲಿ ನನಗೆ ಅನ್ನ ಸಿಕ್ಕಿತು, ಒಂದು ಮನೆಯಲ್ಲಿ ಊಟ ಸಿಕ್ಕಿತು’ ಎನ್ನುತ್ತಿದ್ದರು ಗುರುಗಳು.

ಮುಂದಿನ ಸಲ ನಿಮ್ಮ ಮನೆಗೆ ಯಾರಾದರೂ ಬಂದಾಗ ಎರಡು ಬಗೆ ಕಡಿಮೆ ಮಾಡಿ. ಒಲೆ ಆರಿಸಿದ ಮೇಲೆ ಊಟಕ್ಕೆ ಕರೆಯಿರಿ. ಕುಳಿತವರನ್ನು ಒಮ್ಮೆ ಎಣಿಸಿರಿ, ಮನೆಯಲ್ಲಿರುವವರನ್ನೂ ಎಣಿಸಿರಿ. ಎರಡು ಲೆಕ್ಕವೂ ಒಂದೇ ಆದ ಮೇಲೆ ತುತ್ತು ಎತ್ತಿರಿ.